ರೆಕ್ಕೆ ಕಟ್ಟುವ ಮೊದಲು ಇಳಿಯುವ ಹೊಲ ನೋಡಿ

ಮಾರ್ಚ್ ತಿಂಗಳಲ್ಲಿ, ಬಿಸಿಲೇರಿ ಹನ್ನೊಂದು ಗಂಟೆ ಆಗುವ ಹೊತ್ತಿಗೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಏರಿಯ ಮೇಲೆ ನಿಂತು ತಲೆ ಎತ್ತಿ ನೋಡಿ. ಕರಿಜಾಲಿ ಮರಗಳಿಂದ ಎದ್ದ ಬಣ್ಣದ ಕೊಕ್ಕರೆಗಳು ಒಂದಷ್ಟು ದೂರ ರೆಕ್ಕೆ ಬಡಿದು ಪಕ್ಕದ ಒಣಹೊಲದ ಮೇಲಕ್ಕೆ ಬರುತ್ತವೆ. ಅಲ್ಲಿಗೆ ಬಂದ ಮೇಲೆ ರೆಕ್ಕೆ ಬಡಿಯುವುದೇ ಇಲ್ಲ. ಸುತ್ತು ಹಾಕುತ್ತ, ಹಾಕುತ್ತ ಮೇಲೇರಿ ಚುಕ್ಕಿಗಳಾಗುತ್ತವೆ. ಆಮೇಲೆ ಒಂದೇ ದಿಕ್ಕು ಹಿಡಿದು ಜಾರಿಕೊಂಡು ಹೋಗುತ್ತವೆ. ಇಂಧನವಿಲ್ಲದೆ ಆಕಾಶದಲ್ಲಿ ಹತ್ತಾರು ಕಿಲೋಮೀಟರ್ ಸಾಗುವ ವಿದ್ಯೆ ಇಷ್ಟೇ. ಬಿಸಿಗಾಳಿ ಸಿಕ್ಕಲ್ಲಿ ಸುತ್ತಿ ಏರಬೇಕು, ಎತ್ತರ ಇರುವಷ್ಟು ಹೊತ್ತು ಮುಂದಕ್ಕೆ ಜಾರಬೇಕು, ಅಷ್ಟರೊಳಗೆ ಇನ್ನೊಂದು ಬಿಸಿಗಾಳಿ ಹುಡುಕಬೇಕು. ಹ್ಯಾಂಗ್ ಗ್ಲೈಡರ್ ಕಟ್ಟಿಕೊಂಡು ಬೆಟ್ಟಸಾಲಿನ ಮೇಲೆ ದೂರ ಹಾರುವವರು ಮಾಡುವುದೂ ಅದನ್ನೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹುಡುಗರು ಮೊಬೈಲಿನಲ್ಲಿ ಹಾರಾಟದ ವಿಡಿಯೊ ನೋಡಿದಾಗ ಕೇಳುವುದು ಒಂದೇ ಪ್ರಶ್ನೆ: ‘ನಮ್ಮ ಉಚ್ಚಂಗಿದುರ್ಗದ ಮೇಲಿಂದ ಹಾರಬಹುದಾ?’ ನೇರವಾಗಿಯೇ ಹೇಳುತ್ತೇನೆ. ಕಲಿಯದೆ, ಅನುಮತಿ ಇಲ್ಲದೆ, ಪಕ್ಕದಲ್ಲಿ ಪಳಗಿದವರೊಬ್ಬರು ಇಲ್ಲದೆ ಹಾರಕೂಡದು. ಆದರೆ ಈ ವಿದ್ಯೆಯ ದೊಡ್ಡ ಪಾಲು ಗಾಳಿ ಓದುವುದು ಮತ್ತು ಇಳಿಯುವ ಜಾಗ ಗುರುತಿಸುವುದು. ಅದನ್ನು ಕಾಲು ನೆಲದ ಮೇಲಿರುವಾಗಲೇ ಕಲಿಯಬೇಕು, ಅದಕ್ಕೆ ನಮ್ಮ ಬಯಲುಸೀಮೆ ಬಹಳ ಒಳ್ಳೆಯ ಜಾಗ.

ರೆಕ್ಕೆ ಹೇಗಿರುತ್ತದೆ

ಹ್ಯಾಂಗ್ ಗ್ಲೈಡರ್ ಎಂದರೆ ಅಲ್ಯುಮಿನಿಯಂ ಕೊಳವೆಗಳ ಚೌಕಟ್ಟಿಗೆ ಗಟ್ಟಿ ಬಟ್ಟೆ ಬಿಗಿದ ರೆಕ್ಕೆ. ಹಾರುವವರು ಅದರ ನಡುವಿಗೆ ಪಟ್ಟಿಯಿಂದ ತೂಗಿಕೊಂಡು, ಹೊಟ್ಟೆ ಕೆಳಗಾಗಿ ಮಲಗಿದ ಭಂಗಿಯಲ್ಲಿ, ಎದುರಿನ ತ್ರಿಕೋನ ಹಿಡಿಕೆಯನ್ನು ಹಿಡಿದಿರುತ್ತಾರೆ. ಹಿಡಿಕೆಯನ್ನು ಎದೆಯತ್ತ ಎಳೆದುಕೊಂಡರೆ ಮೈಭಾರ ಮುಂದೆ ಸರಿದು ರೆಕ್ಕೆಯ ಮೂಗು ತಗ್ಗುತ್ತದೆ, ವೇಗ ಹೆಚ್ಚುತ್ತದೆ. ದೂರ ತಳ್ಳಿದರೆ ಮೂಗು ಏಳುತ್ತದೆ, ವೇಗ ಇಳಿಯುತ್ತದೆ. ಮೈಯನ್ನು ಎಡಕ್ಕೆ ಸರಿಸಿದರೆ ಎಡಕ್ಕೆ ತಿರುಗುತ್ತದೆ. ಸ್ಟಿಯರಿಂಗ್, ಪೆಡಲ್ ಯಾವುದೂ ಇಲ್ಲ. ಪ್ಯಾರಾಗ್ಲೈಡರ್ ಇದಕ್ಕಿಂತ ಬೇರೆ. ಅದರಲ್ಲಿ ಚೌಕಟ್ಟಿಲ್ಲ, ದಾರಗಳಿಗೆ ಕಟ್ಟಿದ ಬಟ್ಟೆ ಗಾಳಿ ತುಂಬಿಕೊಂಡು ರೆಕ್ಕೆಯಾಗುತ್ತದೆ, ಮಡಚಿ ಬೆನ್ನುಚೀಲಕ್ಕೆ ತುಂಬಬಹುದು. ಹ್ಯಾಂಗ್ ಗ್ಲೈಡರ್ 25ರಿಂದ 35 ಕೆ.ಜಿ. ತೂಗುತ್ತದೆ, ಮಡಚಿದರೂ ಉದ್ದನೆಯ ಕಟ್ಟು, ಜೀಪಿನ ಮೇಲೆ ಹಾಕಿಕೊಂಡೇ ಹೋಗಬೇಕು. ಅದರ ಬದಲಿಗೆ ವೇಗ ಹೆಚ್ಚು ಸಿಗುತ್ತದೆ, ಎದುರುಗಾಳಿಯನ್ನು ಸೀಳುವ ಶಕ್ತಿ ಸಿಗುತ್ತದೆ, ನಡುಗಾಳಿಯಲ್ಲಿ ಬಟ್ಟೆ ಮುದುಡಿಕೊಳ್ಳುವ ಭಯ ಇರುವುದಿಲ್ಲ.

ಜರ್ಮನಿಯ ಓಟೊ ಲಿಲಿಯೆಂಥಾಲ್ 1890ರ ದಶಕದಲ್ಲಿ ತಾನೇ ಕಟ್ಟಿದ ರೆಕ್ಕೆಗಳಿಂದ ಸುಮಾರು 2,000 ಸಲ ಗುಡ್ಡದಿಂದ ಜಾರಿದ. 1896ರ ಆಗಸ್ಟ್ 9ರಂದು ಗಾಳಿಯ ಹೊಡೆತಕ್ಕೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು ಬಿದ್ದು, ಮರುದಿನ ತೀರಿಕೊಂಡ. ಅಮೆರಿಕದ ಫ್ರಾನ್ಸಿಸ್ ರೊಗಾಲೊ 1948ರಲ್ಲಿ ಬಾಗುವ ಬಟ್ಟೆರೆಕ್ಕೆಯನ್ನು ರೂಪಿಸಿದ. ಇವತ್ತು ನಾವು ನೋಡುವ ತ್ರಿಕೋನ ಹಿಡಿಕೆಯ ರೂಪ ಆಸ್ಟ್ರೇಲಿಯಾದ ಜಾನ್ ಡಿಕನ್ಸನ್ 1963ರಲ್ಲಿ ಕಟ್ಟಿದ್ದು.

ದೂರದ ದಾಖಲೆಯ ವಿಷಯ ನಮ್ಮ ಸೀಮೆಯವರು ಗಮನಿಸಬೇಕಾದ್ದು. 2012ರ ಜುಲೈ 3ರಂದು ಡಸ್ಟಿನ್ ಮಾರ್ಟಿನ್ ಅಮೆರಿಕದ ಟೆಕ್ಸಾಸಿನ ಜಪಾಟಾ ಎಂಬಲ್ಲಿಂದ ಹೊರಟು 764 ಕಿ.ಮೀ. ಹಾರಿದರು. ಹೊಸಪೇಟೆಯಿಂದ ಮುಂಬೈಗೆ ಆಕಾಶದಲ್ಲಿ ನೇರ ಗೆರೆ ಎಳೆದರೂ ಅಷ್ಟು ದೂರವಾಗದು. ಆ ದಾಖಲೆ ಆದದ್ದು ಬೆಟ್ಟದ ಮೇಲಲ್ಲ. ಒಣಗಿದ, ಕಾದ ಬಯಲಿನ ಮೇಲೆ. ಅಂಥ ಕಡೆ ಗುಡ್ಡದ ಅಂಚಿನಿಂದ ಓಡಿ ಹಾರುವುದಿಲ್ಲ, ಸಣ್ಣ ವಿಮಾನವೊಂದು ಹಗ್ಗ ಕಟ್ಟಿ ಎಳೆದು ಮೇಲೆ ಬಿಡುತ್ತದೆ.

ಎರೆ, ಮಸಾರಿ, ಬಂಡೆ

ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಕಡಿಮೆ. ಅದು ನೆಲವನ್ನು ಕಾಯಿಸುತ್ತದೆ, ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಎಲ್ಲ ನೆಲವೂ ಒಂದೇ ಸಮ ಕಾಯುವುದಿಲ್ಲ ಎಂಬುದರಲ್ಲೇ ಹಾರುವವರ ಬದುಕು ಇದೆ. ಕೂಡ್ಲಿಗಿ ಸುತ್ತಲಿನ ಮಸಾರಿ ನೆಲ ಬೇಗ ಒಣಗಿ ಬೇಗ ಕಾಯುತ್ತದೆ. ಉಳುಮೆ ಮಾಡಿ ಬಿಟ್ಟ ಒಣ ಎರೆಹೊಲವೂ ಬಿಸಿಲನ್ನು ಚೆನ್ನಾಗಿ ಹೀರುತ್ತದೆ, ಆದರೆ ಮಳೆ ಬಿದ್ದು ತೇವ ಹಿಡಿದುಕೊಂಡ ಎರೆ ಎರಡು ಮೂರು ದಿನ ಏನೂ ಕೊಡುವುದಿಲ್ಲ. ಕಾಲುವೆ ನೀರಿನ ಗದ್ದೆ, ಮಾಲವಿ ಜಲಾಶಯ, ತುಂಗಭದ್ರೆಯ ಹಿನ್ನೀರು ಇವೆಲ್ಲ ಹಗಲು ಹೊತ್ತು ತಣ್ಣನೆಯ ಜಾಗಗಳು. ಅವುಗಳ ಮೇಲೆ ಗಾಳಿ ಕೆಳಗಿಳಿಯುತ್ತಿರುತ್ತದೆ. ಎತ್ತರ ಕಡಿಮೆ ಇದ್ದಾಗ ಹಿನ್ನೀರು ದಾಟಲು ಹೊರಟವರು ನೀರಿಗೇ ಇಳಿಯಬೇಕಾದೀತು. ಬೋಳು ಕಲ್ಲುಗುಡ್ಡಗಳ ಸ್ವಭಾವ ಬೇರೆ. ಬೆಳಿಗ್ಗೆ ನಿಧಾನವಾಗಿ ಕಾಯುತ್ತವೆ, ಆದರೆ ಹೊತ್ತಿಳಿದ ಮೇಲೂ ಬಿಸಿ ಬಿಡುತ್ತಿರುತ್ತವೆ. ಬಯಲೆಲ್ಲ ತಣ್ಣಗಾದ ಸಂಜೆ ಐದರ ಹೊತ್ತಿನಲ್ಲೂ ಬಂಡೆಗುಡ್ಡದ ಮೇಲೆ ಹದ್ದು ಸುತ್ತುತ್ತಿದ್ದರೆ ಕಾರಣ ಇದೇ.

ಕಾದ ಗಾಳಿ ನೆಲಕ್ಕಂಟಿಕೊಂಡು ಹರಡಿರುತ್ತದೆ. ಹುಣಸೆಮರದ ಸಾಲು, ಗುಡ್ಡದ ಬುಡ, ಹಸಿರು ಮುಗಿದು ಬಯಲು ಶುರುವಾಗುವ ಅಂಚು, ಹೀಗೆ ಏನೋ ಒಂದು ತಡೆ ಸಿಕ್ಕಲ್ಲಿ ಬಿಡಿಸಿಕೊಂಡು ಮೇಲೇಳುತ್ತದೆ. ಇದಕ್ಕೆ ಹಾರುವವರು ಥರ್ಮಲ್ ಎನ್ನುತ್ತಾರೆ. ನಿಶ್ಶಬ್ದವಾಗಿ ಉರಿಯುತ್ತಿದ್ದ ಹೊಲದಲ್ಲಿ ಇದ್ದಕ್ಕಿದ್ದಂತೆ ಒಂದು ಬೀಸು ಬಂದು ಒಣ ಎಲೆ ಹಾರಿತೆಂದರೆ ಹತ್ತಿರದಲ್ಲೆಲ್ಲೋ ಥರ್ಮಲ್ ಕಿತ್ತುಕೊಂಡಿದೆ. ಸುಂಟರಗಾಳಿ ಧೂಳನ್ನು ಕಂಬದಂತೆ ಎತ್ತುವುದು ಅದರ ಜೋರಾದ ರೂಪ. ಐನೂರು, ಆರುನೂರು ಮೀಟರ್ ಮೇಲಿದ್ದವರಿಗೆ ಅದು ಒಳ್ಳೆಯ ಗುರುತು. ಹಾರಲು ಓಡುತ್ತಿರುವವರಿಗೆ ಮತ್ತು ಇಳಿಯುತ್ತಿರುವವರಿಗೆ ಮೃತ್ಯು. ಧೂಳಿಲ್ಲದ ಹುಲ್ಲುಗಾವಲಿನಲ್ಲಿ ಅದೇ ಸುಂಟರಗಾಳಿ ಕಣ್ಣಿಗೆ ಕಾಣುವುದೂ ಇಲ್ಲ ಎಂಬುದನ್ನು ಮರೆಯಬೇಡಿ.

ಒಣ ಗಾಳಿ ಮೇಲೇರಿದಂತೆ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ತಣ್ಣಗಾಗುತ್ತದೆ. ತೇವಾಂಶ ಮೋಡವಾಗುವ ಮಟ್ಟಕ್ಕೆ ಬಂದಾಗ ಹತ್ತಿಯಂಥ ಬಿಳಿ ಮೋಡ ಹುಟ್ಟುತ್ತದೆ. ಅದರ ತಳ ಎಷ್ಟು ಎತ್ತರ ಎಂಬುದಕ್ಕೆ ಸುಲಭ ಲೆಕ್ಕವಿದೆ. ಆ ಹೊತ್ತಿನ ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು ಕಳೆದು 125ರಿಂದ ಗುಣಿಸಿ. ಕೊಟ್ಟೂರಿನಲ್ಲಿ ಮಧ್ಯಾಹ್ನ 34 ಡಿಗ್ರಿ ಇದ್ದು ಇಬ್ಬನಿ ಬಿಂದು 14 ಇದ್ದರೆ ಮೋಡದ ತಳ ನೆಲದಿಂದ ಹೆಚ್ಚುಕಡಿಮೆ 2,500 ಮೀಟರ್ ಎತ್ತರದಲ್ಲಿ. ಈ ಎರಡೂ ಅಂಕಿ ಮೊಬೈಲಿನ ಹವಾಮಾನ ಆ್ಯಪ್‌ಗಳಲ್ಲಿ ಸಿಗುತ್ತವೆ. ಕಲಿಯುವ ಆಸೆಯಿದ್ದವರು ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡಿ: ಮೊದಲ ಹದ್ದು ರೆಕ್ಕೆ ಬಡಿಯದೆ ಸುತ್ತತೊಡಗಿದ್ದು ಎಷ್ಟು ಗಂಟೆಗೆ, ಎಲ್ಲಿ, ಗಾಳಿ ಯಾವ ಕಡೆಯಿಂದ, ಮೋಡ ಎಷ್ಟಕ್ಕೆ ಹುಟ್ಟಿತು, ಯಾವಾಗ ಕರಗಿತು. ಒಂದು ಬೇಸಿಗೆ ಹೀಗೆ ಬರೆದವರು ತರಬೇತಿ ಶಾಲೆಗೆ ಹೋದಾಗ ಉಳಿದವರಿಗಿಂತ ಮುಂದಿರುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ.

ಕಾಲದ ವಿಷಯ. ನವೆಂಬರಿನಿಂದ ಫೆಬ್ರುವರಿವರೆಗೆ ನಮ್ಮಲ್ಲಿ ಥರ್ಮಲ್ ಮೃದು, ಗಾಳಿ ಹದ. ಮಾರ್ಚಿನಿಂದ ಮೇವರೆಗೆ ಬಲ ಹೆಚ್ಚು, ಒರಟು ಹೆಚ್ಚು. ಜೂನಿನಿಂದ ಮುಂಗಾರಿನ ಗಾಳಿ ದಿನವಿಡೀ ಬೀಸುತ್ತಿರುತ್ತದೆ. ಅದು ಹಾರುವ ಕಾಲವಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಬಗ್ಗೆ ವಿಶೇಷ ಎಚ್ಚರ ಬೇಕು. ಬಿಳಿ ಮೋಡ ಮೇಲಕ್ಕೇ ಬೆಳೆಯುತ್ತ ತಲೆ ಅಗಲಿಸಿಕೊಂಡರೆ ಗುಡುಗು ಹತ್ತಿರ ಬಂದ ಹಾಗೆ, ಕೂಡಲೇ ಇಳಿಯಬೇಕು. ಅಂಥ ಮೋಡ ಹಾರುವವರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. 2007ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಮನಿಲ್ಲಾ ಬಳಿ ಎವಾ ವಿಸ್ನಿಯೆರ್ಸ್ಕಾ ಎಂಬ ಪ್ಯಾರಾಗ್ಲೈಡರ್ ಪೈಲಟನ್ನು ಗುಡುಗುಮೋಡವೊಂದು 9,946 ಮೀಟರ್ ಎತ್ತರಕ್ಕೆ ಹೊತ್ತೊಯ್ದಿತು. ಪ್ರಜ್ಞೆ ತಪ್ಪಿ, ಮೈಮೇಲೆ ಮಂಜುಗಡ್ಡೆ ಕಟ್ಟಿ, ಪವಾಡವೆಂಬಂತೆ ಬದುಕಿ ಇಳಿದರು. ಅದೇ ದಿನ ಮೋಡಕ್ಕೆ ಸಿಕ್ಕಿದ ಚೀನಾದ ಪೈಲಟ್ ಬದುಕಲಿಲ್ಲ. ಮಳೆ ಹತ್ತು ಕಿಲೋಮೀಟರ್ ಆಚೆ ಇದ್ದರೂ ಅದರ ತಣ್ಣನೆಯ ಬೀಸು ಧೂಳೆಬ್ಬಿಸಿಕೊಂಡು ಮೊದಲೇ ಬಂದುಬಿಡುತ್ತದೆ. ಮಳೆ ಬರುವ ಮೊದಲು ಕಣದಲ್ಲಿ ರಾಶಿ ಮುಚ್ಚಲು ಓಡಾಡಿದ ಪ್ರತಿಯೊಬ್ಬ ರೈತರಿಗೂ ಅದರ ರಭಸ ಗೊತ್ತಿದೆ.

ಬೆಟ್ಟದ ಗಾಳಿಯ ಎರಡು ಮುಖ

ಬಯಲಲ್ಲಿ ಥರ್ಮಲ್ ಒಂದನ್ನು ಬಲ್ಲವರಾದರೆ ಸಾಕು. ಬೆಟ್ಟದಲ್ಲಿ ಮೂರು ನಾಲ್ಕು ಗಾಳಿಗಳು ಒಂದರ ಮೇಲೊಂದು ಕೆಲಸ ಮಾಡುತ್ತಿರುತ್ತವೆ. ಕೂಡ್ಲಿಗಿಯ ಈಶಾನ್ಯಕ್ಕಿರುವ ಸಂಡೂರಿನ ಬೆಟ್ಟಸಾಲನ್ನು ನೆನಪಿಗೆ ತಂದುಕೊಂಡರೆ ಎಲ್ಲವೂ ಅರ್ಥವಾಗುತ್ತದೆ. ಅಲ್ಲಿಂದ ಹಾರಿ ಎಂದು ನಾನು ಹೇಳುತ್ತಿಲ್ಲ.

ಸಾಲಿಗೆ ಎದುರಾಗಿ ಬೀಸಿದ ಗಾಳಿ ಇಳಿಜಾರು ಹತ್ತಿ ಮೇಲೆ ಹೋಗಲೇಬೇಕು. ಬೆಟ್ಟದ ಆ ಮುಖದ ಮುಂದೆ ಏರುಗಾಳಿಯ ಪಟ್ಟಿಯೊಂದು ಉಂಟಾಗುತ್ತದೆ. ಅದರೊಳಗೆ ಅತ್ತಿಂದಿತ್ತ ಓಡಾಡುತ್ತ ಗಂಟೆಗಟ್ಟಲೆ ಎತ್ತರ ಕಾಯ್ದುಕೊಳ್ಳಬಹುದು. ಆದರೆ ಬೆಟ್ಟದ ಹಿಂಬದಿ? ನೆಲದ ಮೇಲೆ ಓಡಾಡುವ ನಮಗೆ ಗುಡ್ಡದ ಮರೆ ಎಂದರೆ ಆಸರೆ. ಕುರಿಗಾಹಿಗಳು ಗಾಳಿ ಜೋರಾದಾಗ ಮಂದೆಯನ್ನು ಆ ಕಡೆಗೇ ತಿರುಗಿಸುತ್ತಾರೆ. ಹಾರುವವರಿಗೆ ಅಲ್ಲೇ ಅಪಾಯ. ಹಳ್ಳದಲ್ಲಿ ಬಂಡೆಯ ಹಿಂದೆ ನೀರು ಸುಳಿ ಸುತ್ತುವಂತೆ ಬೆಟ್ಟದ ಹಿಂದೆ ಗಾಳಿ ಉರುಳುತ್ತದೆ, ಕಣ್ಣಿಗೆ ಕಾಣುವುದಿಲ್ಲ, ರೆಕ್ಕೆಯನ್ನು ಮಗುಚಿ ಹಾಕುವಷ್ಟು ಬಲ ಇರುತ್ತದೆ. ಬೆಟ್ಟದಲ್ಲಿ ಆಗುವ ದೊಡ್ಡ ಅನಾಹುತಗಳಲ್ಲಿ ಎಷ್ಟೋ ಈ ಹಿಂಬದಿಯಲ್ಲಿ ಆದಂಥವು. ಸಾಲು ದಾಟಲೇಬೇಕಾದರೆ ನೆತ್ತಿಗಿಂತ ಬಹಳ ಮೇಲೆ ಏರಿಕೊಂಡು, ನೇರವಾಗಿ ನುಗ್ಗದೆ ಓರೆಯಾಗಿ ಸಮೀಪಿಸಬೇಕು, ಗಾಳಿ ಕೆಟ್ಟದೆನಿಸಿದರೆ ಸುಲಭವಾಗಿ ಬಯಲ ಕಡೆಗೆ ತಿರುಗಿಕೊಳ್ಳಲು ಬರುವಂತೆ.

ನಾರಿಹಳ್ಳ ಸಂಡೂರಿನ ಬೆಟ್ಟವನ್ನು ಓಬಳಗಂಡಿ, ಭೀಮಗಂಡಿಗಳಲ್ಲಿ ಸೀಳಿಕೊಂಡು ಹೋಗುತ್ತದೆ. ಅಂಥ ಗಂಡಿಯ ಬಾಯಲ್ಲಿ ನಿಂತವರಿಗೆ ಗೊತ್ತು, ಬಯಲಲ್ಲಿ ಎಲೆ ಅಲುಗದಿದ್ದರೂ ಅಲ್ಲಿ ಗಾಳಿ ಜೋರಾಗಿರುತ್ತದೆ. ಅಗಲವಾಗಿ ಬಂದ ಗಾಳಿ ಇಕ್ಕಟ್ಟಿನಲ್ಲಿ ನುಗ್ಗುವಾಗ ವೇಗ ಹೆಚ್ಚುತ್ತದೆ. ಹ್ಯಾಂಗ್ ಗ್ಲೈಡರಿನವರು ಗಂಡಿಯ ಮಟ್ಟಕ್ಕೆ ಇಳಿದು ಎದುರುಗಾಳಿಯಲ್ಲಿ ದಾಟಲು ಹೋದರೆ ನಿಂತಲ್ಲೇ ನಿಲ್ಲುತ್ತಾರೆ, ಕೆಲವೊಮ್ಮೆ ಹಿಂದಕ್ಕೇ ಹೋಗುತ್ತಾರೆ.

ಸೂರ್ಯನ ಲೆಕ್ಕವೂ ಬೇಕು. ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಕಾಯುತ್ತದೆ, ಮಧ್ಯಾಹ್ನದ ಮೇಲೆ ಪಶ್ಚಿಮದ್ದು. ಹಗಲು ಗಾಳಿ ಕಣಿವೆಯಿಂದ ಮೇಲಕ್ಕೆ ಹರಿಯುತ್ತದೆ, ಸೂರ್ಯ ಮುಳುಗಿದ ಮೇಲೆ ತಣ್ಣಗಾದ ಗಾಳಿ ಇಳಿಜಾರು ಹಿಡಿದು ಕೆಳಕ್ಕೆ ಹರಿಯುತ್ತದೆ. ದೊಡ್ಡ ಕಣಿವೆಗಳಲ್ಲಿ ಮಧ್ಯಾಹ್ನದ ಕಣಿವೆಗಾಳಿ ನೆಲಮಟ್ಟದಲ್ಲಿ ಎಷ್ಟು ಜೋರಾಗುತ್ತದೆಂದರೆ, ಮೇಲೆ ಹಿತವಾಗಿ ಹಾರುತ್ತಿದ್ದವರಿಗೆ ಕೆಳಗಿಳಿದಾಗ ಕಾದಿರುವ ಪೆಟ್ಟು ಅದೇ.

ಭಾರತದಲ್ಲಿ ಈ ಪಾಠವೆಲ್ಲ ಒಟ್ಟಿಗೆ ಸಿಗುವ ಜಾಗ ಹಿಮಾಚಲ ಪ್ರದೇಶದ ಕಾಂಗ್ಡಾ ಜಿಲ್ಲೆಯ ಬೀರ್–ಬಿಲ್ಲಿಂಗ್. ಸುಮಾರು 2,400 ಮೀಟರ್ ಎತ್ತರದ ಬಿಲ್ಲಿಂಗಿನಿಂದ ಹಾರಿ ಸಾವಿರ ಮೀಟರಿನಷ್ಟು ಕೆಳಗಿರುವ ಬೀರ್‌ನಲ್ಲಿ ಇಳಿಯುತ್ತಾರೆ. 1980ರ ದಶಕದಲ್ಲಿ ಅಲ್ಲಿ ಮೊದಲು ಹಾರಿದ್ದು ಹ್ಯಾಂಗ್ ಗ್ಲೈಡರಿನವರೇ. ಈಗ ಪ್ಯಾರಾಗ್ಲೈಡಿಂಗ್ ಹೆಚ್ಚಾಗಿ, 2015ರ ಅಕ್ಟೋಬರಿನಲ್ಲಿ ಅಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ಕೂಡ ನಡೆಯಿತು. ಧೌಲಾಧಾರ್ ಬೆಟ್ಟದ ಮುಂದಿನ ಸಾಲುಗಳನ್ನು ಹಿಡಿದು ಧರ್ಮಶಾಲೆಯ ಕಡೆಗೆ ಹೋಗುವುದು ಅಲ್ಲಿನ ಹೆಸರಾದ ದಾರಿ. ಮುಂದಿನ ಸಾಲಿನಲ್ಲಿರುವವರೆಗೆ ಎಡಕ್ಕೆ ಕಾಂಗ್ಡಾ ಕಣಿವೆಯ ಹೊಲಗಳು ಕಾಣುತ್ತಿರುತ್ತವೆ, ಹೇಗೋ ಇಳಿಯಬಹುದು. ಆಸೆಬಿದ್ದು ಹಿಂದಿನ ಎತ್ತರದ ಸಾಲಿಗೆ ಹೊಕ್ಕರೆ ಇಳಿಯಲು ಜಾಗವಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಹುಡುಕುವವರು ನಡೆದೇ ಹತ್ತಬೇಕು. ಅಲ್ಲಿ ಕಾಣೆಯಾದವರಲ್ಲಿ ಅನುಭವಿಗಳೂ ಇದ್ದಾರೆ. ಮಳೆಗಾಲದಲ್ಲಿ, ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ, ಹಿಮಾಚಲ ಸರ್ಕಾರ ಪ್ರತಿ ವರ್ಷ ಹಾರಾಟ ನಿಲ್ಲಿಸುತ್ತದೆ. ಹಾರುವುದಕ್ಕೆ ಒಳ್ಳೆಯ ಕಾಲ ಮಾರ್ಚ್–ಮೇ ಮತ್ತು ಅಕ್ಟೋಬರ್–ನವೆಂಬರ್.

ಎತ್ತರದ ಇನ್ನೊಂದು ತೊಂದರೆ ಚಳಿ ಮತ್ತು ತೆಳು ಗಾಳಿ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಗ್ಗುತ್ತದೆ. ಬಯಲುಸೀಮೆಯಿಂದ ತೆಳು ಅಂಗಿಯಲ್ಲಿ ಹೋದವರ ಬೆರಳು 4,000 ಮೀಟರಿನಲ್ಲಿ ಹಿಡಿಕೆ ಹಿಡಿಯದು. ಪ್ರತಿ 300 ಮೀಟರಿಗೆ ರೆಕ್ಕೆಯ ನಿಜವೇಗ ಶೇ 2ರಷ್ಟು ಹೆಚ್ಚುತ್ತದೆ, ಹಾಗಾಗಿ ಎತ್ತರದ ಜಾಗದಿಂದ ಹಾರುವಾಗ ಹೆಚ್ಚು ಓಡಬೇಕು, ಇಳಿಯುವಾಗ ನೆಲ ಹೆಚ್ಚು ವೇಗದಿಂದ ಬರುತ್ತದೆ. ಪ್ರಾಣವಾಯು ಕಡಿಮೆಯಾದಾಗ ಮೊದಲು ಕೆಡುವುದು ಬುದ್ಧಿ, ಅದು ಕೆಟ್ಟಿದೆಯೆಂದು ನಮಗೇ ತಿಳಿಯುವುದಿಲ್ಲ.

ದಾರಿಯ ನಿಯಮ ಮೂರನ್ನು ಬಾಯಿಪಾಠ ಮಾಡಿ. ಬೆಟ್ಟದ ಮುಂದೆ ಇಬ್ಬರು ಎದುರಾದರೆ, ಯಾರ ಬಲಕ್ಕೆ ಬೆಟ್ಟ ಇದೆಯೋ ಅವರಿಗೆ ದಾರಿ. ಇನ್ನೊಬ್ಬರು ಬೆಟ್ಟದಿಂದಾಚೆಗೆ ಸರಿಯಬೇಕು. ಥರ್ಮಲ್‌ನಲ್ಲಿ ಮೊದಲು ಬಂದವರು ಯಾವ ಕಡೆಗೆ ಸುತ್ತುತ್ತಿದ್ದಾರೋ ಆಮೇಲೆ ಬಂದವರೂ ಅದೇ ಕಡೆಗೆ ಸುತ್ತಬೇಕು. ಬೆಟ್ಟದ ಮುಂದೆ ಹಾರುವಾಗ ತಿರುಗುವುದು ಯಾವಾಗಲೂ ಬೆಟ್ಟದಿಂದ ದೂರಕ್ಕೆ.

ಹೊಲದಿಂದ ಹೊಲಕ್ಕೆ

ದೂರ ಹಾರುವವರ ತಲೆಯಲ್ಲಿ ಸದಾ ಓಡುತ್ತಿರಬೇಕಾದ ಲೆಕ್ಕ ಇದು. ಕಲಿಕೆಯ ಗ್ಲೈಡರ್ 1 ಮೀಟರ್ ಇಳಿಯುವಷ್ಟರಲ್ಲಿ 8ರಿಂದ 10 ಮೀಟರ್ ಮುಂದೆ ಹೋಗುತ್ತದೆ, ಸ್ಪರ್ಧೆಯ ಗ್ಲೈಡರ್ 15 ಮೀಟರ್. ನೆಲದಿಂದ 1,500 ಮೀಟರ್ ಮೇಲಿದ್ದು 10ರ ಲೆಕ್ಕ ಹಿಡಿದರೆ 15 ಕಿಲೋಮೀಟರ್ ಆಗಬೇಕು. ಹೊಸಬರು ಅದನ್ನು ಅರ್ಧ ಎಂದೇ ತಿಳಿಯಬೇಕು, ಯಾಕೆಂದರೆ ಒಂದು ಏರುಗಾಳಿಯ ಸುತ್ತ ಇಳಿಗಾಳಿ ಇದ್ದೇ ಇರುತ್ತದೆ, ಎದುರುಗಾಳಿ ಲೆಕ್ಕವನ್ನೇ ತಿಂದುಹಾಕುತ್ತದೆ. ಇಳಿಗಾಳಿಯಲ್ಲಿ ನಿಧಾನ ಮಾಡುವುದು ಸಹಜ ಹೆದರಿಕೆ, ಮಾಡಬೇಕಾದ್ದು ತದ್ವಿರುದ್ಧ. ವೇಗ ಹೆಚ್ಚಿಸಿ ಬೇಗ ದಾಟಬೇಕು. ಯಾವ ಇಳಿಗಾಳಿಯಲ್ಲಿ ಎಷ್ಟು ವೇಗ ಎಂಬ ಲೆಕ್ಕಕ್ಕೆ ಪಾಲ್ ಮೆಕ್‌ಕ್ರೆಡಿಯ ಹೆಸರಿದೆ. 1956ರಲ್ಲಿ ಗ್ಲೈಡಿಂಗ್ ವಿಶ್ವ ಚಾಂಪಿಯನ್ ಆಗಿದ್ದ ಇವರೇ 1977ರಲ್ಲಿ ಬರೀ ಪೆಡಲ್ ತುಳಿದು ಹಾರುವ ವಿಮಾನವನ್ನೂ ಕಟ್ಟಿದರು.

ಇಲ್ಲಿ ಮುಖ್ಯವಾದ ಒಂದು ಶಿಸ್ತು ಇದೆ. ಕೈಯಳತೆಯಲ್ಲಿ ಇಳಿಯಲು ಯೋಗ್ಯವಾದ ಒಂದು ಹೊಲ ಇಲ್ಲದೆ ಮುಂದಿನ ಗುಡ್ಡಕ್ಕೆ ಹೋಗಬಾರದು. ಥರ್ಮಲ್ ಸಿಗುತ್ತದೆ ಎಂಬ ಭರವಸೆಯ ಮೇಲೆ ದಾರಿ ಹಾಕಿಕೊಳ್ಳುವವರು ಒಂದಲ್ಲ ಒಂದು ದಿನ ಕಾಡಿನ ಮೇಲೋ ಕಲ್ಲಿನ ಮೇಲೋ ಎತ್ತರ ಕಳೆದುಕೊಳ್ಳುತ್ತಾರೆ. ನೆಲದಿಂದ 300 ಮೀಟರ್ ಆಸುಪಾಸಿಗೆ ಇಳಿದ ಮೇಲೆ ಹುಡುಕಾಟ ಸಾಕು. ಹೊಲ ಆರಿಸಿ, ಅದರ ಮೇಲೆಯೇ ಇರಿ, ಗಾಳಿಯ ಬೆನ್ನಿಗೆ ಒಂದು ಓಟ, ಅಡ್ಡಕ್ಕೆ ಒಂದು ಓಟ, ಕೊನೆಗೆ ಗಾಳಿಗೆ ಎದುರಾಗಿ ಇಳಿತ.

ಹೊಲ ಆರಿಸುವುದನ್ನು ನಮ್ಮ ಊರಿನಲ್ಲೇ ಅಭ್ಯಾಸ ಮಾಡಬಹುದು. ಹೊಸಪೇಟೆ–ಹರಿಹರ ರೈಲಿನಲ್ಲಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ದಾಟುವಾಗ ಕಿಟಕಿ ಪಕ್ಕ ಕುಳಿತು ಪ್ರತಿ ಹೊಲವನ್ನೂ ಕೇಳಿಕೊಳ್ಳಿ: ಇಲ್ಲಿ ಇಳಿಯಬಹುದೇ? ಗಾಳಿಗೆ ಎದುರಾಗಿ ಉದ್ದ ಎಷ್ಟಿದೆ? ವಿದ್ಯುತ್ ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ಕಾಣುತ್ತದೆ. ಎರಡು ಕಂಬಗಳ ನಡುವೆ ತಂತಿ ಇದ್ದೇ ಇದೆ ಎಂದು ತಿಳಿಯಬೇಕು. ಪಂಪ್‌ಸೆಟ್ಟಿಗೆ ಎಳೆದ ಒಂಟಿ ಲೈನ್ ಎಲ್ಲಕ್ಕಿಂತ ಮೋಸದ್ದು. ಆಳೆತ್ತರದ ಮೆಕ್ಕೆಜೋಳ ಮೇಲಿಂದ ಅದೇ ನೆಲವೆಂಬಂತೆ ಕಾಣುತ್ತದೆ, ಇಳಿದರೆ ರೆಕ್ಕೆ ತೆನೆಗೆ ಸಿಕ್ಕಿ ಮೂಗು ಕುಟ್ಟುತ್ತದೆ. ಉಳುಮೆಯ ಹೊಲದಲ್ಲಿ ಸಾಲಿನ ಉದ್ದಕ್ಕೆ ಇಳಿಯಬೇಕು, ಅಡ್ಡಕ್ಕಲ್ಲ. ಇಳಿಜಾರು ನೆಲವಾದರೆ ಏರಿನ ಕಡೆಗೇ. ಸುಗ್ಗಿ ಮುಗಿದ ಜೋಳದ ಹೊಲ, ಫೆಬ್ರುವರಿಯ ಹೊತ್ತಿಗೆ, ಎಲ್ಲಕ್ಕಿಂತ ಒಳ್ಳೆಯದು. ಹಡಗಲಿಯ ಮಲ್ಲಿಗೆ ತೋಟ, ಕಂಬ ತಂತಿ ಕಟ್ಟಿದ ದಾಳಿಂಬೆ ತೋಟ ಬೇಡವೇ ಬೇಡ. ಹರಪನಹಳ್ಳಿ, ಹಡಗಲಿ ಕಡೆ ಗಾಳಿಯಂತ್ರಗಳು ತಿರುಗುವ ಗುಡ್ಡಗಳಿಂದಲೂ ದೂರವಿರಬೇಕು, ಅದರಲ್ಲೂ ಅವುಗಳ ಹಿಂಬದಿಯಿಂದ. ರೆಕ್ಕೆಗಳು ಕಲಕಿದ ಗಾಳಿ ಬಹಳ ದೂರದವರೆಗೆ ಕೆಟ್ಟಿರುತ್ತದೆ. ಕೂಡ್ಲಿಗಿಯ ಗುಡೇಕೋಟೆ ಸುತ್ತ ಬಂಡೆಗುಡ್ಡಗಳಲ್ಲಿ ಥರ್ಮಲ್ ಚೆನ್ನಾಗಿದ್ದರೂ ಅದು ಕರಡಿಧಾಮ, ಕೆಳಗೆಲ್ಲ ಕಲ್ಲು ಮುಳ್ಳು. ಅಂಕಸಮುದ್ರ 2024ರ ಜನವರಿಯಿಂದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಯಲ್ಲಿರುವ ಪಕ್ಷಿಧಾಮ. ಗೂಡು ಕಟ್ಟುವ ಕಾಲದಲ್ಲಿ ಅದರ ಮೇಲೆ ತಗ್ಗಿನಲ್ಲಿ ಹಾರುವುದು ಹಕ್ಕಿಗಳಿಗೆ ಮಾಡುವ ದ್ರೋಹ.

ಕಲಿಕೆ, ಅನುಮತಿ, ಸಾಮಾನು

ಹ್ಯಾಂಗ್ ಗ್ಲೈಡಿಂಗ್ ಕಲಿಯಲು ಊರು ಬಿಡಲೇಬೇಕು. ದೇಶದಲ್ಲಿ ಇದನ್ನು ಕಲಿಸುವವರು ವಿರಳ. ಪ್ಯಾರಾಗ್ಲೈಡಿಂಗ್ ಶಾಲೆಗಳು ಮಹಾರಾಷ್ಟ್ರದ ಕಾಮ್‌ಶೇತ್ ಮತ್ತು ಬೀರ್‌ನಲ್ಲಿವೆ. ಮೊದಲು ಅಲ್ಲಿ ಪ್ಯಾರಾಗ್ಲೈಡಿಂಗಿನಲ್ಲೇ ಗಾಳಿ ಕಲಿತು, ಆಮೇಲೆ ಹ್ಯಾಂಗ್ ಗ್ಲೈಡರಿಗೆ ಬರುವುದು ನಮ್ಮವರಿಗೆ ಆಗುವ ದಾರಿ. ಶಾಲೆ ಆರಿಸುವಾಗ ಶುಲ್ಕಕ್ಕಿಂತ ಮುಂಚೆ ಕೇಳಬೇಕಾದ್ದು: ಕಲಿಸುವವರ ಅರ್ಹತೆ ಯಾರು ಕೊಟ್ಟದ್ದು? ತುರ್ತು ಪ್ಯಾರಾಚೂಟ್ ಕೊನೆಯ ಸಲ ಬಿಚ್ಚಿ ಮಡಚಿದ್ದು ಯಾವಾಗ? ಗಾಳಿ ಸರಿಯಿಲ್ಲದ ದಿನ ಹಾರಿಸದೆ ಕೂರಿಸುತ್ತಾರೆಯೇ? ಕೊನೆಯ ಪ್ರಶ್ನೆಗೆ ಹೌದೆನ್ನುವ ಶಾಲೆ ಒಳ್ಳೆಯ ಶಾಲೆ. ಕಲಿತವರ ಮಟ್ಟವನ್ನು ಹೇಳುವ ಐಪಿಪಿಐ ಕಾರ್ಡ್ ಹಲವು ದೇಶಗಳಲ್ಲಿ ನಡೆಯುತ್ತದೆ. ಅದರಲ್ಲಿ ಐದು ಹಂತ, ಕೊನೆಯದು ದೂರ ಹಾರಾಟದ್ದು. ಬೆಟ್ಟ ದಾಟುವ ಮಾತು ಐದನೆಯ ಹಂತದ್ದೇ ಹೊರತು ಮೊದಲ ವರ್ಷದ್ದಲ್ಲ.

ಕಾನೂನಿನ ವಿಷಯ. ವಾಯುಯಾನದ ಮೇಲುಸ್ತುವಾರಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು (ಡಿಜಿಸಿಎ). 1934ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. 2022ರ ಜೂನಿನಲ್ಲಿ ಕೇಂದ್ರ ಸರ್ಕಾರ ಹೊರತಂದ ರಾಷ್ಟ್ರೀಯ ವಾಯುಕ್ರೀಡಾ ನೀತಿ ಹ್ಯಾಂಗ್ ಗ್ಲೈಡಿಂಗನ್ನೂ ಒಳಗೊಂಡಿದೆ. ನಮ್ಮ ಭಾಗದಲ್ಲಿ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ 2017ರಿಂದ ಪ್ರಯಾಣಿಕರ ವಿಮಾನಗಳು ಬಂದಿವೆ, ಅದರ ಸುತ್ತಲಿನ ಆಕಾಶ ನಮ್ಮಿಷ್ಟದ್ದಲ್ಲ. ತುಂಗಭದ್ರಾ ಅಣೆಕಟ್ಟು, ಹಂಪಿಯ ಸ್ಮಾರಕಗಳ ಮೇಲೂ ಅನುಮತಿ ಇಲ್ಲದೆ ಹಾರಬಾರದು. ಜಿಲ್ಲಾಡಳಿತ ಮತ್ತು ಪೊಲೀಸರಿಗೆ ಮುಂಚೆಯೇ ಬರಹದಲ್ಲಿ ತಿಳಿಸಿ. ವಿದೇಶದ ವಿಡಿಯೊಗಳಲ್ಲಿ ಕಾಣುವ ಉಪಗ್ರಹ ಸಂದೇಶ ಯಂತ್ರ, ಸ್ಯಾಟಲೈಟ್ ಫೋನುಗಳನ್ನು ತರಿಸಿಕೊಳ್ಳಬೇಡಿ. ಪರವಾನಗಿ ಇಲ್ಲದೆ ಅವನ್ನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ.

ಸಾಮಾನುಗಳಲ್ಲಿ ಹೆಲ್ಮೆಟ್, ಹಾರ್ನೆಸ್, ತುರ್ತು ಪ್ಯಾರಾಚೂಟ್, ರೇಡಿಯೊ, ಜಿಪಿಎಸ್, ಮತ್ತು ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂದು ಬೀಪ್ ಸದ್ದಿನಲ್ಲಿ ಹೇಳುವ ವೇರಿಯೊಮೀಟರ್ ಇರಲೇಬೇಕು. ಹೊಸದಾಗಿ ಕೊಂಡರೆ ಎಲ್ಲ ಸೇರಿ ಲಕ್ಷಗಳ ಮಾತು. ಹಳೆಯ ರೆಕ್ಕೆ ಕೊಳ್ಳುವವರು ಕೊಳವೆಯ ಬಾಗು, ತಂತಿಯ ಎಳೆ ಬಿಚ್ಚಿದೆಯೇ, ಬಟ್ಟೆ ಬಿಸಿಲಿಗೆ ಸತ್ತಿದೆಯೇ ಎಂದು ತಿಳಿದವರಿಂದ ನೋಡಿಸಿ.

ಇಷ್ಟೆಲ್ಲ ಸಾಮಾನು ಸರಿಯಿದ್ದರೂ ಜೀವ ತೆಗೆದಿರುವ ಒಂದು ಮರೆವು ಇದೆ. ರೆಕ್ಕೆ ಜೋಡಿಸಿ, ಹಾರ್ನೆಸ್ ತೊಟ್ಟು, ಗಾಳಿಗೆ ಕಾದು ಕಾದು, ಒಂದು ಒಳ್ಳೆಯ ಬೀಸು ಬಂತೆಂದು ಓಡಿಬಿಡುತ್ತಾರೆ. ಹಾರ್ನೆಸಿನ ಕೊಂಡಿಯನ್ನು ರೆಕ್ಕೆಗೆ ಸಿಕ್ಕಿಸಿರುವುದೇ ಇಲ್ಲ. ನೆಲ ಕಾಲ ಕೆಳಗಿಂದ ಹೋದಾಗ ಕೈಯಲ್ಲಿ ಉಳಿಯುವುದು ಹಿಡಿಕೆ ಮಾತ್ರ. ಇದಕ್ಕೆ ಪರಿಹಾರ ಸುಲಭ. ಓಡುವ ಮುನ್ನ ಜೊತೆಗಾರರು ರೆಕ್ಕೆಯ ಮೂಗು ಹಿಡಿದು ನಿಲ್ಲಬೇಕು, ನೀವು ಪೂರ್ತಿ ಭಾರ ಬಿಟ್ಟು ಪಟ್ಟಿಯಲ್ಲಿ ತೂಗಬೇಕು. ಕೊಂಡಿಯ ಬೀಗ ಬಿದ್ದಿದೆಯೇ, ಕಾಲಿನ ಪಟ್ಟಿಗಳು ಹಾಕಿವೆಯೇ, ಮೈ ಹಿಡಿಕೆಗಿಂತ ಸರಿಯಾದ ಎತ್ತರದಲ್ಲಿದೆಯೇ ಎಂದು ಇಬ್ಬರೂ ಗಟ್ಟಿಯಾಗಿ ಹೇಳಿಕೊಳ್ಳಬೇಕು. ಆಮೇಲೆ ಯಾವುದೇ ಕಾರಣಕ್ಕೆ ಕೊಂಡಿ ಬಿಚ್ಚಿದರೆ, ಒಂದು ಲೋಟ ನೀರು ಕುಡಿಯಲಿಕ್ಕಾದರೂ, ಎಲ್ಲ ಮೊದಲಿನಿಂದ.

ಕಲಿಯಲು ಊರು ಬಿಡಬೇಕಾದ ಸ್ಥಿತಿ ಬದಲಾಗಬಹುದು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ಬಯಲುಸೀಮೆಯಲ್ಲಿ ಎಳೆದು ಹಾರಿಸುವ ಒಂದು ತರಬೇತಿ ಕೇಂದ್ರದ ಬಗ್ಗೆ ವಿಜಯನಗರ ಜಿಲ್ಲೆಯ ಜನಪ್ರತಿನಿಧಿಗಳು ಯೋಚಿಸಬೇಕು. ಇಲ್ಲಿ ಇಳಿಯಲು ಬೇಕಾದಷ್ಟು ಬಯಲಿದೆ, ಬಿಸಿಲಿಗೂ ಕೊರತೆಯಿಲ್ಲ.

ನಿಮ್ಮ ಹೊಲಕ್ಕೆ ಯಾರಾದರೂ ಇಳಿದರೆ

ಹಾರಿ ಬಂದವರು ಮೊದಲು ಮಾಡಬೇಕಾದ್ದು, ಬೆಳೆ ತುಳಿಯದೆ ಬದುವಿನ ಮೇಲೆ ರೆಕ್ಕೆ ಹೊತ್ತು ಹೊರಬಂದು, ಹೊಲದ ಯಜಮಾನರನ್ನು ಹುಡುಕಿ ಮಾತನಾಡಿಸಿ, ನಷ್ಟವಾಗಿದ್ದರೆ ಅಲ್ಲೇ ಕಟ್ಟಿಕೊಡುವುದು. ರೈತರಲ್ಲಿ ನನ್ನ ಕೋರಿಕೆಯೂ ಇದೆ. ಇಳಿಯುವಾಗ ಜನ ಓಡಿ ಹೋಗಿ ಮುಂದೆ ನಿಲ್ಲಬಾರದು, ರೆಕ್ಕೆಗೆ ತಕ್ಷಣ ನಿಲ್ಲುವ ಬ್ರೇಕ್ ಇಲ್ಲ. ಮಕ್ಕಳನ್ನು ದೂರ ನಿಲ್ಲಿಸಿ, ತಂತಿ ಬಟ್ಟೆ ಎಳೆಯದಂತೆ ನೋಡಿಕೊಳ್ಳಿ. ರೆಕ್ಕೆ ವಿದ್ಯುತ್ ತಂತಿಗೆ ಸಿಕ್ಕಿದ್ದರೆ ಲೈನ್‌ಮನ್ ಬಂದು ಕರೆಂಟು ತೆಗೆಯುವವರೆಗೆ ಯಾರೂ ಹತ್ತಿರ ಹೋಗಬೇಡಿ. ಬಿದ್ದು ಪೆಟ್ಟಾಗಿದ್ದರೆ ಎತ್ತಿ ಕೂರಿಸಬೇಡಿ, ಹೆಲ್ಮೆಟ್ ತೆಗೆಯಬೇಡಿ, ನೀರು ಕುಡಿಸಬೇಡಿ. ಕುತ್ತಿಗೆ ಅಲುಗದಂತೆ ಇದ್ದಲ್ಲೇ ಬಿಟ್ಟು ನೆರಳು ಮಾಡಿ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಊರಿನ ಹೆಸರಿನ ಜೊತೆ ಹೊಲಕ್ಕೆ ಗಾಡಿ ಬರುವ ದಾರಿಯನ್ನೂ ಹೇಳಿ.